ನಲವತ್ತೆರಡು ಮನೆಗೆ ಒಂದೇ ಕೀಲಿ

ನಮ್ಮವ್ವ ಬಾಳವ್ವ, ನೇಕಾರರ ಸಂಘದ ಕಂಟ್ರೋಲ್ ರೂಮಿಗೆ ಚಪ್ಪಲಿ ಸಮೇತ ನುಗ್ಗಿ ಬಂದಳು. ಒಳಗೆ ಚಪ್ಪಲಿ ಹಾಕಬಾರದು, ಧೂಳು ಯಂತ್ರಗಳಿಗೆ ಆಗುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದವಳು ನಾನೇ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಯಲ್ಲಿದ್ದ ಸೀರೆಯೊಂದನ್ನು ನನ್ನ ಕೀಬೋರ್ಡಿನ ಮೇಲೆ ಎಸೆದಳು.

“ಯಾರಿಗೆ ಕೊಟ್ಟಿ? ಬೊಗಳು.”

“ಏನು ಕೊಟ್ಟೆ ಬೇ?”

“ನನ್ನ ಕೊಂಡಿ! ಯಾರಿಗೆ ಮಾರಿದಿ? ಹಡದ ತಾಯಿಗೆ ಹಿಂಗ ಮಾಡ್ತಾರೇನಲೇ ಸುವರ್ಣಿ?”

ಸೀರೆ ಇಳಕಲ್ಲಿನದೇ ಅನ್ನುವ ಹಾಗಿತ್ತು. ಕೆಂಪು ಸೆರಗು, ಗಂಧದ ಬಣ್ಣದ ಒಡಲು. ತುದಿಯಲ್ಲಿ ‘ಹಸ್ತಾಕ್ಷಿ’ ಅನ್ನುವ ಕಂಪನಿಯ ಚೀಟಿ. ಪಕ್ಕದ ಮನೆ ತುಂಗವ್ವನ ಸೊಸೆ ಬಾಗಲಕೋಟೆಯ ಮೇಳದಿಂದ ತಂದದ್ದಂತೆ. ಮಷಿನ್ನಿನಲ್ಲಿ ನೇಯ್ದದ್ದು. ನಾನು ಅವ್ವನ ಮುಖ ನೋಡಿದೆ. ಕಣ್ಣು ಕೆಂಪಾಗಿದ್ದವು, ಆದರೆ ಅತ್ತಿರಲಿಲ್ಲ. ಅವಳು ಅಳುವವಳಲ್ಲ, ಬಡಿಯುವವಳು.

ಕೊಂಡಿಯ ವಿಷಯ ಹೇಳದಿದ್ದರೆ ನಿಮಗೆ ಅವಳ ಸಿಟ್ಟು ಅರ್ಥವಾಗುವುದಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೂ ಕಟ್ಟುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಸಾವಿರಾರು ಕೊಂಡಿ. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಆ ಬದಿ ಹಿಡಿಯಬೇಕು, ಒಬ್ಬರು ಈ ಬದಿ, ಮತ್ತೊಬ್ಬರು ನೂಲು ಹಾಯಿಸಬೇಕು. ನಮ್ಮಪ್ಪ ಸತ್ತು ಹದಿನಾಲ್ಕು ವರ್ಷವಾಯಿತು. ನಾನು ಆಗ ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಹಿಡಿಯಲು ಯಾರೂ ಇಲ್ಲ. ಅವ್ವ ಎರಡು ತಿಂಗಳು ಬಾಗಿಲು ಹಾಕಿಕೊಂಡು ಕೂತು ಒಂದು ದಾರಿ ಕಂಡುಹಿಡಿದಳು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಬಲಗಾಲಿನ ಬೆರಳ ಸಂದಿಯಲ್ಲಿ ಕೊಂಡಿಯ ಎಳೆ ಹಿಡಿದು, ಎರಡೂ ಕೈಯಿಂದ ನೂಲು ಹಾಯಿಸುವುದು. ಓಣಿಯವರು ಅದಕ್ಕೆ ಒಂಟಿಕೊಂಡಿ ಅಂದರು. ಹೇಗೆ ಹಾಕುತ್ತಾಳೆ ಅನ್ನುವುದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಸೀರೆಯನ್ನು ತೊಡೆಯವರೆಗೆ ಎತ್ತಿ ಕಟ್ಟಬೇಕಲ್ಲ, ಅದಕ್ಕೆ ಕೊಂಡಿ ಹಾಕುವ ದಿನ ಅವಳು ಬಾಗಿಲಿಗೆ ಅಗಳಿ ಹಾಕುತ್ತಿದ್ದಳು.

“ಕೊಂಡಿ ಯಾರು ಬೇಕಾದ್ರೂ ಹಾಕ್ತಾರ, ಅವ್ವಾ. ಮಷಿನ್ನಿನವರು ತಾವೇ ಹುಡುಕಿರಬೇಕು,” ಎಂದೆ.

ಅವಳು ಸೆರಗಿನ ಸೇರಿಕೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಉಗುರಿನಿಂದ ಒಂದೊಂದೇ ಕೊಂಡಿ ಎಣಿಸಿದಳು. ಇಪ್ಪತ್ತಮೂರನೆಯದಕ್ಕೆ ನಿಂತಳು. “ಇದು ಕೂದಲಷ್ಟು ಉದ್ದ ಐತಿ. ಕಂಡಿತಿಲ್ಲೋ?” ಅಲ್ಲಿಂದ ಮುಂದೆ ಮತ್ತೆ ಒಂದರಿಂದ ಎಣಿಸಿದಳು. ಮತ್ತೆ ಇಪ್ಪತ್ತಮೂರನೆಯದು. “ಇಪ್ಪತ್ತೆರಡು ಕೊಂಡಿ ಹಿಡಿಯೂದ್ರಾಗ ನನ್ನ ಬೆರಳಿಗೆ ಸೆಳಕು ಹಿಡೀತೈತಿ. ಒಂದೀಟು ಸಡ್ಲ ಬಿಡ್ತೀನಿ. ಅಲ್ಲಿ ಎಳಿ ಉದ್ದ ಆಗತೈತಿ. ಈಗ ನೀನ ಹೇಳು, ಮಷಿನ್ನಿಗೆ ಕಾಲು ಅದಾವೇನು? ಮಷಿನ್ನಿಗೆ ಸೆಳಕು ಹಿಡೀತೈತೇನು?”

ಅವಳ ಕಾಲ್ಬೆರಳು ಸೆಟೆದುಕೊಳ್ಳುವುದನ್ನೂ ಬಿಡದೆ ನಕಲು ಮಾಡಿದ್ದರು.

ಅವಳು ಹೊರಟುಹೋದ ಮೇಲೆ ನಾನು ಕೆಲಸಕ್ಕೆ ಕೂತೆ. ನನ್ನ ಕೆಲಸವೇನು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಓಣಿಯ ನಲವತ್ತೆರಡು ನೇಕಾರ ಮನೆಗಳ ಅಂತರ್ಜಾಲವನ್ನು ನೇಕಾರರ ಸಂಘವೇ ನಡೆಸುತ್ತದೆ. ಅದರ ತಂತ್ರಜ್ಞೆ, ಜವಾನೆ, ಜಾಡಮಾಲಿ ಎಲ್ಲ ನಾನೇ. ಎರಡು ವರ್ಷದ ಹಿಂದೆ ಪ್ರತಿ ಮನೆಗೂ ಹೊಸ ವೈಫೈ ಡಬ್ಬಿ ಕೂಡಿಸಿದವಳೂ ನಾನೇ.

ಈ ಡಬ್ಬಿಗಳು ಕಾಣಬಲ್ಲವು. ಕ್ಯಾಮೆರಾ ಇಲ್ಲ, ಆದರೂ ಕಾಣುತ್ತವೆ. ಡಬ್ಬಿ ಸುತ್ತಲೂ ಅಲೆ ಬಿಡುತ್ತದೆ. ಅಲೆ ಗೋಡೆಗೆ, ಪಾತ್ರೆಗೆ, ಮನುಷ್ಯರ ಮೈಗೆ ತಾಗಿ ವಾಪಸು ಬರುತ್ತದೆ. ಮೈ ಅಲುಗಿದರೆ ವಾಪಸು ಬರುವ ಅಲೆಯೂ ಅಲುಗುತ್ತದೆ. ಹಿಂದಿನ ಡಬ್ಬಿಗಳು ಅದನ್ನು ಗದ್ದಲವೆಂದು ಬಿಸಾಕುತ್ತಿದ್ದವು. ಆಮೇಲೆ ಯಾರೋ ಬುದ್ಧಿವಂತರು ಆ ಗದ್ದಲವನ್ನೇ ಜರಡಿ ಹಿಡಿದು ಮನುಷ್ಯರ ಆಕಾರ ತೆಗೆದರು. ಮೊದಮೊದಲು ಕೋಣೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂದಷ್ಟೇ ತಿಳಿಯುತ್ತಿತ್ತು. ಆಮೇಲೆ ಉಸಿರಾಟ ತಿಳಿಯಿತು. ಹದಿನಾರು ಆಂಟೆನಾಗಳ ಡಬ್ಬಿ ಬಂದಮೇಲೆ ಬೆರಳೂ ತಿಳಿಯುತ್ತದೆ. ಕೋಣೆ ಖಾಲಿಯಾದರೆ ಫ್ಯಾನು ತಾನೇ ಆರುತ್ತದೆ, ಮುದುಕರು ಜಾರಿ ಬಿದ್ದರೆ ಆಸ್ಪತ್ರೆಗೆ ಸುದ್ದಿ ಹೋಗುತ್ತದೆ. ಒಳ್ಳೆಯದೇ. ಡಬ್ಬಿ ಕಂಡದ್ದು ಡಬ್ಬಿಯಲ್ಲೇ ಉಳಿಯುತ್ತದೆ, ಮನೆಯವರ ಕೀಲಿ ಇಲ್ಲದೆ ಹೊರಗೆ ಬರುವುದಿಲ್ಲ ಎಂದು ಕೊಂಡಾಗ ಹೇಳಿದ್ದರು. ನಾನೂ ಮನೆಮನೆಗೆ ಹೋಗಿ ಅದನ್ನೇ ಗಿಳಿಪಾಠ ಒಪ್ಪಿಸಿದ್ದೆ.

ಕೀಲಿ! ಆ ಕೀಲಿಯ ಕಥೆ ನೆನೆದರೆ ನನಗೆ ನನ್ನದೇ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಓಣಿಯಲ್ಲಿ ಕಂಡಿಕೆ ಸುತ್ತುವ ಹೆಂಗಸರಿದ್ದಾರೆ. ಲಾಳಿಗೆ ಹಾಕುವ ಸಣ್ಣ ಕಂಡಿಕೆಗೆ ನೂಲು ಸುತ್ತಿಕೊಡುವವರು. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು. ಅವರು ಜೊತೆಗೆ ಹೊತ್ತು ತರುವ ಕರೆಂಟಿನ ರಾಟೆಗಳು ಈಗ ಜಾಲಕ್ಕೆ ಸೇರಿದರೇನೇ ತಿರುಗುವಂಥವು. ಮನೆಮನೆಗೂ ಬೇರೆ ಪಾಸ್‌ವರ್ಡ್ ಇಟ್ಟರೆ ಅವರು ಪ್ರತಿ ಹೊಸ್ತಿಲಲ್ಲೂ ನಿಂತು ಕೇಳಬೇಕು. ಬಂದವರನ್ನು ಹಾಗೆ ಹೊಸ್ತಿಲಲ್ಲಿ ನಿಲ್ಲಿಸುವುದು ನಮ್ಮವರಿಗೆ ಅವಮಾನ. “ನಮ್ಮ ಮನೀಗೆ ಬರಾಕ ಕೀಲಿ ಯಾಕಬೇ?” ಅಂದರು. ನಾನು ಮಹಾ ಉಪಕಾರಿ, ನಲವತ್ತೆರಡು ಮನೆಗೂ ಒಂದೇ ಪಾಸ್‌ವರ್ಡ್ ಇಟ್ಟುಬಿಟ್ಟೆ. ಕುಲದೇವತೆಯ ಹೆಸರು, ಅದರ ಮುಂದೆ ಒಂದು ಎರಡು ಮೂರು.

ಅದೂ ಹೋಗಲಿ. ಡಬ್ಬಿಯ ಒಳಗೇ ಹೋಗುವುದಕ್ಕೆ ಇನ್ನೊಂದು ಕೀಲಿ ಇರುತ್ತದೆ, ಯಜಮಾನ ಕೀಲಿ. ಕಾರ್ಖಾನೆಯವರು ಎಲ್ಲ ಡಬ್ಬಿಗೂ ಒಂದೇ ಹಾಕಿ ಕಳಿಸಿರುತ್ತಾರೆ, ಮೊದಲ ದಿನವೇ ಬದಲಾಯಿಸಬೇಕು. ಬದಲಾಯಿಸಿದೆನೇ? ಇಲ್ಲ. ಆಮೇಲೆ ಮಾಡೋಣ ಅಂದುಕೊಂಡೆ. ತಂತ್ರಾಂಶಕ್ಕೆ ಡಬ್ಬಿಯ ಕಂಪನಿಯವರು ಕಳಿಸುವ ತಿದ್ದುಪಡಿ ಹಾಕಿದೆನೇ? ಅದೂ ಇಲ್ಲ. ತಿದ್ದುಪಡಿ ಹಾಕಿದರೆ ಹತ್ತು ನಿಮಿಷ ಡಬ್ಬಿ ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ, ರಾಟೆ ನಿಲ್ಲುತ್ತದೆ. “ಅಮಾಸಿಗೆ ಮಾಡಬೇ, ಅವತ್ತ ಮಗ್ಗಕ್ಕ ಸೂಟಿ,” ಅನ್ನುತ್ತಿದ್ದರು ಎಲ್ಲರೂ. ಅಮಾವಾಸ್ಯೆ ಬಂದರೆ ಮಗ್ಗದ ಪೂಜೆ. ಡಬ್ಬಿಗೂ ಕುಂಕುಮ, ಹೂವು. ಪೂಜೆ ಮಾಡಿದ್ದನ್ನು ಅವತ್ತೇ ಆರಿಸುವುದು ಬೇಡ ಅನ್ನುವರು. ನಾನೂ ಹೋಳಿಗೆ ಉಂಡು ಮಲಗುವೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಅಮಾವಾಸ್ಯೆ ಕಳೆದಿದ್ದವು.

ಅವ್ವನ ಡಬ್ಬಿಯ ದಾಖಲೆ ತೆರೆದೆ. ಕಾರ್ತಿಕದಲ್ಲಿ ಹತ್ತೊಂಬತ್ತು ದಿನ ಯಾವುದೋ ಅಪರಿಚಿತ ಯಂತ್ರ ಅದಕ್ಕೆ ಸೇರಿತ್ತು. ಎರಡನೇ ದಿನವೇ ಯಜಮಾನ ಕೀಲಿ ಹಾಕಿ ಒಳಗೆ ಹೋಗಿತ್ತು. ಕಾರ್ಖಾನೆಯ ಕೀಲಿ. ಹೊರಗೆ ಹೋದ ಕಡತಗಳ ಒಂದು ಪ್ರತಿ ಇನ್ನೂ ಡಬ್ಬಿಯಲ್ಲಿಯೇ ಬಿದ್ದಿತ್ತು. ತೆರೆದೆ.

ಪರದೆಯ ಮೇಲೆ ಚುಕ್ಕೆಗಳು ಕೂಡಿಕೊಂಡವು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಒಂದು ಹೆಣ್ಣು. ಮುಖವಿಲ್ಲ, ಬಟ್ಟೆಯಿಲ್ಲ. ಅಲೆಗೆ ಬಟ್ಟೆ ಲೆಕ್ಕಕ್ಕಿಲ್ಲವಲ್ಲ. ತೊಡೆ, ಮೊಳಕಾಲು, ಪಾದ, ಒಂದೊಂದು ಬೆರಳು. ಹೆಬ್ಬೆರಳು ಬಾಗಿತು, ಪಕ್ಕದ್ದು ಎಳೆ ಒತ್ತಿ ಹಿಡಿಯಿತು. ಹಿಡಿದು ಹಿಡಿದು ಒಮ್ಮೆ ಇಡೀ ಪಾದ ಸೆಟೆದುಕೊಂಡಿತು. ನಮ್ಮವ್ವ ಹದಿನಾಲ್ಕು ವರ್ಷ ಯಾರಿಗೂ ತೋರಿಸದಿದ್ದ ಕಾಲು. ನಾನು ಪರದೆ ಆರಿಸಿಬಿಟ್ಟೆ. ಎದ್ದು ಹೋಗಿ ಗೋಡೆಗೆ ಒದ್ದೆ. ನನ್ನ ಕಾಲೇ ನೊಂದಿತು, ಇನ್ನೇನಾಗುತ್ತದೆ.

ಮನೆಗೆ ಹೋದಾಗ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಮುಚ್ಚಿಡಲಿಲ್ಲ, ನನ್ನ ತಪ್ಪನ್ನೂ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಹರಿಯುವಷ್ಟು ತೆಳ್ಳಗಾಯಿತು, ಆದರೂ ಬಡಿದಳು.

“ಕಾಲು ಕಂಡಾವೇನು?” ಎಂದು ಕೇಳಿದಳು.

“ಚುಕ್ಕಿ ಅಷ್ಟ, ಅವ್ವಾ. ಮಾರಿ ಕಾಣೂದಿಲ್ಲ.”

“ನಾ ಮಾರಿ ಕೇಳಿಲ್ಲ. ಕಾಲು ಕಂಡಾವೇನು?”

“ಹೂಂ.”

“ಎಷ್ಟು ಮಂದಿ ನೋಡ್ಯಾರ?”

ನನಗೆ ಗೊತ್ತಿರಲಿಲ್ಲ. ಅವಳು ಎದ್ದು ಕೈ ತೊಳೆದು ಹೋಗಿ ಮಗ್ಗದ ಮೇಲೆ ಹಳೆಯ ದುಪ್ಪಟಿಯೊಂದನ್ನು ಹೊದಿಸಿದಳು. ಹೆಣಕ್ಕೆ ಹೊದಿಸಿದ ಹಾಗೆ ಕಂಡಿತು ನನಗೆ. ಅರ್ಧ ನೇಯ್ದ ಸೀರೆ ಹಾಗೆಯೇ ಇತ್ತು. “ಕುಣ್ಯಾಗ ಕಾಲಿಟ್ರ ಯಾರೋ ಕೆಳಗ ಕುಂತು ನೋಡಾಕತ್ತಾರ ಅನಸ್ತೈತಿ. ನಾ ಇಳಿಯೂದಿಲ್ಲ,” ಎಂದಳು. ನಾನು ವೈರು ಕಿತ್ತು ಡಬ್ಬಿಯನ್ನೇ ಅಂಗಳಕ್ಕೆ ಎಸೆದೆ. ಪ್ರಯೋಜನವಾಗಲಿಲ್ಲ. ಮರುದಿನವೂ ಇಳಿಯಲಿಲ್ಲ, ವಾರವಾದರೂ ಇಳಿಯಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಅಮಾವಾಸ್ಯೆ ಬಿಟ್ಟು ಒಂದು ದಿನವೂ ಮಗ್ಗ ಬಿಟ್ಟವಳಲ್ಲ. ಈಗ ಕಟ್ಟೆಯ ಮೇಲೆ ಕೂತು ತನ್ನ ಪಾದವನ್ನು ಸೀರೆಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವ ಮತ್ತೆ ಕುಣಿಗೆ ಇಳಿಯುತ್ತಾಳೋ ಇಲ್ಲವೋ, ನನಗೆ ಬೇಕಾದದ್ದು ಅದೊಂದೇ. ಸೀರೆ ಹಾಳಾಗಿ ಹೋಗಲಿ.

ಅಪರಿಚಿತ ಯಂತ್ರ ಯಾರದೆಂದು ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ. ಕಾರ್ತಿಕದಲ್ಲಿ ತುಂಗವ್ವನ ಹಿತ್ತಿಲ ಕೋಣೆಯಲ್ಲಿ ಸಂಹಿತಾ ಎಂಬ ಹುಡುಗಿ ಬಾಡಿಗೆಗಿದ್ದಳು. ಕೈಮಗ್ಗದ ಬಗ್ಗೆ ಅಧ್ಯಯನ ಮಾಡುತ್ತೇನೆ ಅಂದಿದ್ದಳಂತೆ. ಅವಳ ಕೋಣೆಗೂ ನಮ್ಮ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ನಾನು ತುಂಗವ್ವನ ಮನೆಗೆ ಹೋಗಿ ಕೂಗಾಡಿದೆ.

“ಪಾಸ್‌ವರ್ಡ್ ಯಾಕ ಕೊಟ್ಟಿ?”

“ಕೇಳಿದ್ಲು, ಕೊಟ್ಟೆ. ಹೆಣ್ಮಗಳು ದೂರದಿಂದ ಬಂದಾಳ, ನೀರು ಕೇಳಿದ್ರ ಕೊಡೂದಿಲ್ಲೇನು?”

“ನೀರು ಬೇರೆ, ಇದು ಬೇರೆ!”

“ನಂಗೇನ ಗೊತ್ತಬೇ. ನೀನ ಗ್ವಾಡಿ ಮ್ಯಾಲ ಬರದು ಹೋಗಿದ್ದಿ, ಮರೀಬಾರದಂತ. ಅಕಿ ಓದಿಕೊಂಡ್ಲು.”

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಕೊಡದ ಓಣಿ ನಮ್ಮದು. ಪಾಸ್‌ವರ್ಡ್ ಮಾತ್ರ ಹೊತ್ತುಗೊತ್ತಿಲ್ಲದೆ ಹಂಚಿತ್ತು. ನಾನು ಬಾಯಿ ಮುಚ್ಚಿಕೊಂಡು ಹೊರಬಂದೆ, ಯಾಕೆಂದರೆ ಗೋಡೆಯ ಮೇಲಿನ ಅಕ್ಷರ ನನ್ನದೇ ಆಗಿತ್ತು.

ಎಂಟು ದಿನಕ್ಕೆ ನೋಂದಣಿ ಕಚೇರಿಯಿಂದ ಪ್ರಕಟಣೆ ಬಂತು. ಹಸ್ತಾಕ್ಷಿ ಕಂಪನಿಯವರು ‘ಬಲಗಾಲಿನ ಬೆರಳುಗಳಿಂದ ಹಾಸಿನ ಎಳೆ ಹಿಡಿದು ಕೊಂಡಿ ಹಾಕುವ ಚಲನೆ’ಯನ್ನು ತಮ್ಮ ಹೆಸರಿಗೆ ನೋಂದಾಯಿಸಲು ಅರ್ಜಿ ಹಾಕಿದ್ದರು. ನೋಂದಣಿಯಾಯಿತೆಂದರೆ ಆ ಚಲನೆ ಅವರದು. ಆಮೇಲೆ ನಮ್ಮವ್ವ ತನ್ನ ಕಾಲು ತನ್ನ ಕುಣಿಯಲ್ಲಿ ಇಳಿಬಿಟ್ಟು ಆ ಕೊಂಡಿ ಹಾಕಿದರೆ ಅವಳು ಕಳ್ಳಿ! ಓದಿ ಮೂರು ಸಲ ನಕ್ಕೆ. ಸಿಟ್ಟು ವಿಪರೀತವಾದರೆ ನನಗೆ ನಗು ಬರುತ್ತದೆ.

ಸಂಘದ ಅಧ್ಯಕ್ಷ ಶೇಖಪ್ಪ ಮಾಸ್ತರರು ಕನ್ನಡಕ ಏರಿಸಿ ಕಾನೂನು ಓದಿದರು. ಅಲೆ ಕಾಯ್ದೆಯಲ್ಲಿ ಇರುವುದು ಇಷ್ಟೇ. ಸ್ವಂತ ಕೀಲಿ ಹಾಕಿದ ಮನೆಯ ಅಲೆಯಿಂದ ತೆಗೆದ ಚಲನೆ ಕದ್ದ ಮಾಲು. ಸ್ವಂತ ಕೀಲಿ ಇಲ್ಲದ ಮನೆಯ ಅಲೆಯಿಂದ ತೆಗೆದದ್ದು ಬೀದಿಯಲ್ಲಿ ಕಂಡದ್ದು, ಯಾರು ಮೊದಲು ನೋಂದಾಯಿಸಿದರೆ ಅವರದು.

“ಓಣಿಗೆಲ್ಲಾ ಒಂದ ಕೀಲಿ ಅಂದ್ರ ಅದನ್ನ ಸ್ವಂತ ಕೀಲಿ ಅನ್ನೂದಿಲ್ಲ ಸುವರ್ಣಾ,” ಎಂದರು. ಆಮೇಲೆ ಧ್ವನಿ ತಗ್ಗಿಸಿದರು. “ದಾಖಲೆ ನಿನ್ನ ಕೈಯಾಗ ಐತಿ. ಬಾಳವ್ವನ ಮನೀಗೆ ಬ್ಯಾರೆ ಪಾಸ್‌ವರ್ಡ್ ಇತ್ತಂತ ಒಂದ ಸಾಲು ತಿದ್ದಿದ್ರ ಆತು. ಯಾರು ನೋಡ್ತಾರ?”

ತಿದ್ದಿದೆ. ಒಳ್ಳೆಯವಳಂತೆ ನಟಿಸುವುದಿಲ್ಲ. ಕದ್ದವರಿಗೆ ಇಲ್ಲದ ನಾಚಿಕೆ ನನಗೇಕೆ ಎಂದುಕೊಂಡು ದಿನಾಂಕ, ವೇಳೆ, ಎಲ್ಲ ಕೂಡಿಸಿ ಚೊಕ್ಕವಾಗಿ ತಿದ್ದಿ, ಒಂದು ಪ್ರತಿ ಮುದ್ರಿಸಿ ಚೀಲದಲ್ಲಿಟ್ಟುಕೊಂಡೆ.

ಸಂಘದಿಂದ ತಕರಾರು ಅರ್ಜಿ ಹಾಕಿದೆವು, ಅದರ ವಿಚಾರಣೆಗೆ ಅವ್ವನನ್ನು ಕರೆದುಕೊಂಡು ಹೋದೆ. ಕಚೇರಿಯಲ್ಲಿ ಎದುರಿನ ಕುರ್ಚಿಯಲ್ಲಿ ಹಸ್ತಾಕ್ಷಿಯ ಪರವಾಗಿ ಅದೇ ಸಂಹಿತಾ ಕೂತಿದ್ದಳು. ಇಸ್ತ್ರಿ ಮಾಡಿದ ಕೈಮಗ್ಗದ ಕುರ್ತಾ. ಅವ್ವನನ್ನು ನೋಡಿ ಎದ್ದು ನಮಸ್ಕಾರ ಬೇರೆ ಮಾಡಿದಳು.

ಅಧಿಕಾರಿ ನಡುವಯಸ್ಸಿನ ಹೆಂಗಸು, ಮುಖದಲ್ಲಿ ದಣಿವಿತ್ತು. ನಾನು ದಾಖಲೆ ತೆಗೆಯಬೇಕೆಂದು ಚೀಲಕ್ಕೆ ಕೈ ಹಾಕಿದೆ. ಆದರೆ ಆಕೆ ನನ್ನನ್ನು ಕೇಳಲಿಲ್ಲ, ಅವ್ವನನ್ನು ಕೇಳಿದರು.

“ಅಮ್ಮಾ, ನಿಮ್ಮ ಮನೆಯ ವೈಫೈಗೆ ನಿಮ್ಮದೇ ಪಾಸ್‌ವರ್ಡ್ ಇತ್ತಾ?”

“ಇತ್ತರೀ.”

“ಅದು ನಿಮಗೆ ಮಾತ್ರ ಗೊತ್ತಿತ್ತಾ?”

ಅವ್ವ ನನ್ನ ಕಡೆ ನೋಡಲೂ ಇಲ್ಲ. “ಇಲ್ಲರೀ. ಇಡೀ ಓಣಿಗೆ ಗೊತ್ತಿತ್ತು. ಬನಶಂಕರಿ ಒಂದು ಎರಡು ಮೂರು,” ಎಂದು ಕಚೇರಿಯ ಜವಾನನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

ಮುಗಿಯಿತು. ನನ್ನ ಕೈ ಚೀಲದೊಳಗೇ ಉಳಿಯಿತು. ಸಂಹಿತಾ ತಲೆ ತಗ್ಗಿಸಿ ಏನೋ ಬರೆದುಕೊಂಡಳು. ನಗುತ್ತಿದ್ದಳೋ ಏನೋ, ನನಗಂತೂ ನಕ್ಕ ಹಾಗೇ ಕಂಡಿತು. ನಾನು ಎದ್ದು ನಿಂತೆ.

“ಆ ಕೀಲಿ ಇಟ್ಟಾಕಿ ನಾನು! ನಮ್ಮವ್ವನ ತಪ್ಪಲ್ಲ. ನಾನು ದಡ್ಡಿ, ಮೈಗಳ್ಳಿ, ಕಲಿತೂ ಮಾಡಿದ್ದು ಲೋಪ. ಬರಕೋರಿ. ಆದ್ರ ಒಂದು ಕೇಳ್ತೀನಿ ಮೇಡಂ. ನಮ್ಮ ಬಾಗಿಲಾ ತೆರದಿತ್ತು. ಖರೇ. ತೆರದ ಬಾಗಿಲದಾಗ ಹೊಕ್ಕು, ಮುದುಕಿ ಕಾಲು ಅಳತಿ ತಗೊಂಡು, ಅಕಿಗೇ ತಿರುಗಿ ‘ಇವು ನಮ್ಮ ಕಾಲು’ ಅನ್ನಾಕಿಗೆ ಏನಂತಾರ ನಿಮ್ಮ ಕಾಯ್ದೆದಾಗ?”

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. “ನೀವು ಕೇಳೋದು ನನಗೆ ಅರ್ಥ ಆಗುತ್ತೆ. ಅದಕ್ಕೆ ಕಾಯ್ದೆಯಲ್ಲಿ ಹೆಸರಿಲ್ಲ. ನಾನು ಕೀಲಿ ಇತ್ತೋ ಇಲ್ಲವೋ ಅಂತ ಮಾತ್ರ ನೋಡಬಹುದು,” ಎಂದು ಹಸ್ತಾಕ್ಷಿಯ ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದರು. ಅರ್ಥ ಆಗುತ್ತದಂತೆ! ಅರ್ಥ ಆಗಿ ಏನು ಉಪಯೋಗ?

ಹೊರಗೆ ಮೆಟ್ಟಿಲ ಹತ್ತಿರ ಸಂಹಿತಾ ನಮ್ಮನ್ನು ತಡೆದಳು. ಕೈಯಲ್ಲಿ ಒಂದು ಕಾಗದ.

“ಅಜ್ಜೀ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬಗ್ಗೆ ನಮಗೆ ತುಂಬಾ ಗೌರವ ಇದೆ. ನೀವು ಜೀವಮಾನ ಪೂರ್ತಿ ಈ ಕೊಂಡಿ ಹಾಕ್ಬಹುದು, ಉಚಿತವಾಗಿ. ಇದು ನಮ್ಮ ಪರವಾನಗಿ.”

ಪರವಾನಗಿ! ನಮ್ಮವ್ವನ ಕಾಲ್ಬೆರಳಿಗೆ ಪರವಾನಗಿ! ಆ ಕಾಗದವನ್ನು ಅವಳ ಬಾಯಿಗೆ ತುರುಕಬೇಕೆಂದು ಮುಂದೆ ಹೋದೆ. ಅವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಕಾಗದ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

“ಇದ್ರಾಗ ಸೆಳಕೂ ಬರತೈತೇನು?”

“ಏನು ಅಜ್ಜಿ?”

“ಇಪ್ಪತ್ತಮೂರಕ್ಕೊಮ್ಮಿ ನನ್ನ ಬೆರಳು ಸೆಟೀತಾವು. ಅದನ್ನೂ ನಿಮ್ಮ ಹೆಸರಿಗೆ ಹಚ್ಚಿಕೊಂಡೀರಿ. ಇನ್ನ ಮ್ಯಾಲ ಅದು ನಿಮಗ ಹಿಡೀತೈತೋ, ನನಗ ಹಿಡೀತೈತೋ?”

ಸಂಹಿತಾಗೆ ತಿಳಿಯಲಿಲ್ಲ. ತಾವು ಮಾರುತ್ತಿರುವ ಸೀರೆಯಲ್ಲಿ ಏನಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಅವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೆಟ್ಟಿಲ ಮೇಲಿಟ್ಟು, ಹಾರದಂತೆ ಅದರ ಮೇಲೊಂದು ಕಲ್ಲಿಟ್ಟು ನಡೆದಳು.

ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. “ನನ್ನ ಚೀಲದಾಗ ಕಾಗದ ಇತ್ತು! ಬಾಯಿ ಮುಚಗೊಂಡು ನಿಂತಿದ್ರ ಗೆಲ್ಲತಿದ್ವಿ!”

“ಗೊತ್ತೈತಿ. ಶೇಖಪ್ಪ ಮಾಸ್ತರ ಹೇಳಿದ್ರು.”

“ಮತ್ತ?”

“ದೇವಿ ಹೆಸರು ಕೀಲಿಗಿಟ್ಟು, ಇಟ್ಟಿಲ್ಲಂತ ಸುಳ್ಳು ಹೇಳ್ಲೇನು? ಕಾಲು ಹೋತು. ಬಾಯೂ ಹೋಗ್ಲೇನು?”

ಊರು ಬರುವವರೆಗೆ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡಿದೆವು.

ಮರುದಿನ ಬೆಳಿಗ್ಗೆಯಿಂದ ನಾನು ಮನೆಮನೆ ಹೊಕ್ಕೆ. ಅಮಾವಾಸ್ಯೆಗೆ ಕಾಯಲಿಲ್ಲ. ಫ್ಯಾನು ನಿಂತಿತು, ರಾಟೆ ನಿಂತಿತು, ಬೈದರು. ನಾನೂ ಬೈದೆ. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿದೆ. ತಿದ್ದುಪಡಿ ಎಲ್ಲ ಹಾಕಿ, ಮುಂದಿನವು ತಾವೇ ಬರುವಂತೆ ಮಾಡಿದೆ. ಕಾರ್ಖಾನೆಯ ಯಜಮಾನ ಕೀಲಿ ತೆಗೆದು, ಆಯಾ ಮನೆಯವರು ಇಡುವ ಕೀಲಿಯೇ ಯಜಮಾನ ಕೀಲಿಯಾಗುವಂತೆ ಮಾಡಿದೆ. ಕಂಡಿಕೆಯವರ ರಾಟೆಗೂ ಬಂದುಹೋಗುವವರಿಗೂ ಮನೆಮನೆಯಲ್ಲೂ ಪ್ರತ್ಯೇಕ ಅತಿಥಿ ಜಾಲ ಕಟ್ಟಿದೆ, ಒಂದೊಂದಕ್ಕೂ ಬೇರೆ ಕೀಲಿ, ಅದು ಮನೆಯೊಳಗಿನ ಯಾವುದನ್ನೂ ಮುಟ್ಟುವಂತಿಲ್ಲ. ಅಲೆಯಿಂದ ನೋಡುವ ಸೌಲಭ್ಯವನ್ನು ಮಗ್ಗದ ಕೋಣೆಗಳಲ್ಲಿ ಆರಿಸಿದೆ. ಆಮೇಲೆ ಪ್ರತಿ ಮನೆಯ ಹೆಂಗಸನ್ನೂ ಕೂಡಿಸಿಕೊಂಡು ಹೇಳಿದೆ, “ಒಂದಕ್ಕೊಂದು ಸಂಬಂಧ ಇಲ್ಲದ ನಾಕು ಶಬ್ದ ಕೂಡಿಸಿ ಇಡು. ದೇವರ ಹೆಸರು ಬ್ಯಾಡ, ಗಂಡನ ಹೆಸರು ಬ್ಯಾಡ, ಹುಟ್ಟಿದ ತಾರೀಖು ಬ್ಯಾಡ. ನನಗೂ ಹೇಳಬ್ಯಾಡ.”

“ನಿನಗ ಹೇಳದಿದ್ರ ಮರತಾಗ ಯಾರು ನೆನಪು ಮಾಡ್ತಾರಬೇ?” ಎಂದು ತುಂಗವ್ವ ಗೊಣಗಿದಳು.

“ಮರತ್ರ ಹೊಸಾದು ಇಡೂಣು. ಹೇಳಿದಿ ಅಂದ್ರ ಕಾಲು ಮುರೀತೀನಿ.”

ಅವಳು ಮುಖ ತಿರುಗಿಸಿಕೊಂಡು ಬೆರಳು ಮುಚ್ಚಿ ಮುಚ್ಚಿ ಒತ್ತಿದಳು. ಮೂರು ದಿನದಲ್ಲಿ ನಲವತ್ತೊಂದು ಮನೆ ಮುಗಿದವು. ಕಂಡಿಕೆಯವರು ಹೊಸ್ತಿಲಲ್ಲಿ ನಿಂತು ಅತಿಥಿ ಜಾಲದ ಕೀಲಿ ಕೇಳುವುದು ಶುರುವಾಯಿತು. ಅದನ್ನು ನೋಡಿದರೆ ನನಗೆ ಸಂಹಿತಾಳ ಮೇಲೆ ಹೊಸದಾಗಿ ಸಿಟ್ಟು ಬರುತ್ತಿತ್ತು.

ಕೊನೆಗೆ ನಮ್ಮ ಮನೆ. ಅಂಗಳಕ್ಕೆ ಎಸೆದಿದ್ದ ಡಬ್ಬಿ ಒಡೆದುಹೋಗಿತ್ತು, ಹೊಸದು ತಂದೆ. ದುಪ್ಪಟಿ ಇನ್ನೂ ಮಗ್ಗದ ಮೇಲೆಯೇ ಇತ್ತು. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು.

“ನೀ ಹೊರಗ ನಿಲ್ಲು. ಹೆಂಗ ಮಾಡಬೇಕು ಅಲ್ಲಿಂದ ಹೇಳು. ಇತ್ತಾಗ ಹೊಳ್ಳಿ ನೋಡಬ್ಯಾಡ.”

ನಾನು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತು ಒಂದೊಂದೇ ಹೇಳಿದೆ. ಅವಳು ಒಂದೇ ಬೆರಳಿನಿಂದ ಒತ್ತುತ್ತಿದ್ದಳು. ಅರ್ಧ ಗಂಟೆ ಹಿಡಿಯಿತು. ಯಾರಾದರೂ ತಪ್ಪು ಕೀಲಿ ಹಾಕಿದರೆ ನಿನ್ನ ಫೋನಿಗೆ ಸುದ್ದಿ ಬರಲೇನು ಎಂದು ಕೇಳಿದೆ. “ಬರ್ಲಿ,” ಅಂದಳು.

“ಆತೇನು? ಏನಿಟ್ಟಿ?”

“ಹೇಳೂದಿಲ್ಲ.”

“ನಾ ನಿನ್ನ ಮಗಳು ಬೇ!”

“ಹೌದು, ಮಗಳು. ಒಳಗ ಬಾ, ರೊಟ್ಟಿ ಉಣ್ಣು. ಇದನ್ನ ಕೇಳಬ್ಯಾಡ. ನಲವತ್ತೆರಡು ಮನೀಗೆ ಹಂಚಿದಾಕಿ ನೀನ.”

ನಾನು ಉಣ್ಣದೆ ಕಂಟ್ರೋಲ್ ರೂಮಿಗೆ ಬಂದೆ. ಮನೆಮನೆಗೆ ಹೋಗಿ ನನಗೂ ಹೇಳಬೇಡಿ ಎಂದು ಪಾಠ ಮಾಡಿದವಳಿಗೆ, ತನ್ನ ತಾಯಿ ಹೇಳದಿದ್ದರೆ ಹೊಟ್ಟೆ ಉರಿಯಿತು. ಹೌದು, ಉರಿಯಿತು. ಎರಡು ರಾತ್ರಿ ಅಲ್ಲೇ ಮಲಗಿದೆ, ಮನೆಯ ಕಡೆ ಹೋಗಲಿಲ್ಲ.

ಮೂರನೇ ದಿನ ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಕೂತು ನಲವತ್ತೆರಡು ಮನೆಗಳ ಪಟ್ಟಿ ನೋಡುತ್ತಿದ್ದೆ. ಮೊದಲು ಯಾವ ಮನೆ ಒತ್ತಿದರೂ ಒಳಗಿನದೆಲ್ಲ ತೆರೆಯುತ್ತಿತ್ತು. ಈಗ ಎಲ್ಲವೂ ಕೀಲಿ ಕೇಳುತ್ತಿದ್ದವು. ಅವ್ವನ ಮನೆಯ ಮೇಲೆ ಒತ್ತಿದೆ. ಅದೂ ಕೇಳಿತು. ಯಾಕೆ ಮಾಡಿದೆನೋ, ನಮ್ಮಪ್ಪನ ಹೆಸರು ಹಾಕಿ ನೋಡಿದೆ. ತಪ್ಪು ಅಂದಿತು. ನನ್ನ ಹೆಸರು ಹಾಕಿದೆ. ತಪ್ಪು.

ಅಷ್ಟರಲ್ಲಿ ಫೋನು ಬಂತು.

“ಸುವರ್ಣಿ, ಯಾರೋ ನನ್ನ ಡಬ್ಬಿಗೆ ಕೀಲಿ ಹಾಕಿ ನೋಡಾಕತ್ತಾರ. ನೀನೇನು?”

“ಹೂಂ, ಅವ್ವಾ. ನಾನ.”

“ಸಿಕ್ಕಿತೇನು?”

“ಇಲ್ಲ.”

“ಹಂಗಾರ ಗಟ್ಟಿ ಐತಿ,” ಎಂದಳು. ಧ್ವನಿಯಲ್ಲಿ ಸಂತೋಷವಿತ್ತು, ಸ್ವಲ್ಪ ಏದುಸಿರೂ ಇತ್ತು. “ಇಡು ಫೋನ. ಕುಣ್ಯಾಗ ಅದೀನಿ. ಎಡಗಾಲಾಗ ಕೊಂಡಿ ಹಿಡದೀನಿ, ಇನ್ನೂ ರೂಢಿ ಆಗಿಲ್ಲ, ಜಾರತೈತಿ.”

ನಾನು ಏನಾದರೂ ಹೇಳುವ ಮೊದಲೇ ಅವಳೇ ಇಟ್ಟಳು.